ಗುಡ್ಡದ ಇರುಳಿಗೊಂದು ಬ್ಯಾಟರಿ

ನಮ್ಮೂರಿನಲ್ಲಿ ನನಗಿಂತ ಮುಂಚೆಯೂ ಬ್ಯಾಟರಿ ಮಾರುವವರಿದ್ದರು, ಈಗಲೂ ಇದ್ದಾರೆ. ಅವರೆಲ್ಲ ಬರೀ ಬ್ಯಾಟರಿ ಮಾರಿದರು. ನಾನು ಮಾತ್ರ ದರ್ಜಿ ಅಂಗಿಗೆ ಅಳತೆ ಹಿಡಿಯುವಂತೆ ಒಬ್ಬೊಬ್ಬರ ಕತ್ತಲೆಗೂ ಅಳತೆ ಹಿಡಿದು ಬೆಳಕು ಕೊಟ್ಟವನು. ಬ್ಯಾಟರಿ ಅಂದರೆ ನಿಮ್ಮ ಕಡೆ ಟಾರ್ಚು ಅನ್ನುತ್ತಾರಲ್ಲ, ಅದೇ. ಅದರ ಹೊಟ್ಟೆಗೆ ಹಾಕುವುದಕ್ಕೆ ನಾವು ಸೆಲ್ಲು ಅನ್ನುತ್ತೇವೆ. ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಯ ಮುಖವನ್ನು ನಾನು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಅವನಿಗೆ ಎಷ್ಟು ಸೆಲ್ಲಿನದು ಬೇಕು, ಬೆಳಕು ದೂರ ಹೊಡೆಯಬೇಕೋ ಹತ್ತಿರದಲ್ಲೇ ಅಗಲವಾಗಿ ಚೆಲ್ಲಬೇಕೋ, ಮನೆಯಲ್ಲಿ ಹೆಂಡತಿಯ ಜೊತೆ ಜಗಳಾಡಿ ಬಂದಿದ್ದಾನೋ ಹೇಗೆ ಎಂಬುದೆಲ್ಲ ಆ ಕಾಲಿನಲ್ಲೇ ನನಗೆ ಕಾಣುತ್ತಿತ್ತು. ಸೂರ್ಯನಿಗೇನಾದರೂ ಒಂದು ದಿನದ ರಜೆ ಬೇಕಾಗಿದ್ದರೆ ಅವನು ಮೊದಲು ನನ್ನ ಅಂಗಡಿಗೆ ಬಂದು ಹೇಳಿ ಹೋಗಬೇಕಿತ್ತು, ಅಷ್ಟು ನಡೆಯುತ್ತಿತ್ತು ಈ ಗುರುಶಾಂತನದು.

ಅಂಗಡಿ ಇದ್ದದ್ದು ಹಳ್ಳದ ಸೇತುವೆಯ ಈಚೆ ತುದಿಗೆ. ಆಚೆ ತುದಿಯಲ್ಲಿ ಗುಡ್ಡ. ಊರಿನಲ್ಲಿ ಬೆಳಗಾದಾಗ ಗುಡ್ಡದಲ್ಲಿ ಕತ್ತಲಾಗುತ್ತದೆ. ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಗುಡ್ಡದ ಮೇಲೆ ಬಿಸಿಲೇರುತ್ತದೆ. ಸೇತುವೆಯ ನಡುವೆ ಒಂದು ಬಿರುಕು ಬಿಟ್ಟ ಕಲ್ಲಿದೆ, ಅದರ ತನಕ ಹಗಲು, ಅದನ್ನು ದಾಟಿದರೆ ಇರುಳು. ಹುಟ್ಟಿದಾಗಿನಿಂದ ಹೀಗೇ ಇದ್ದುದರಿಂದ ಯಾರೂ ಇದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಹಗಲೆಲ್ಲ ಕೆಲಸದಲ್ಲಿ ಹಪ್ಪಳ ಒಣಹಾಕಲು ಮರೆತ ಹೆಂಗಸರು ರಾತ್ರಿ ಊಟ ಮುಗಿಸಿ, ಬುಟ್ಟಿ ಹೊತ್ತು ಗುಡ್ಡಕ್ಕೆ ಹೋಗಿ ಬಿಸಿಲಿಗೆ ಹರವಿ ಬರುತ್ತಿದ್ದರು. ಶಾಲೆಯ ಮಾಸ್ತರರು ಮೂರನೇ ಪಿರಿಯಡ್ಡಿಗೆ ಮಕ್ಕಳನ್ನು ಸಾಲಾಗಿ ಕರೆದೊಯ್ದು ನಕ್ಷತ್ರ ತೋರಿಸಿ ಊಟದ ಗಂಟೆಗೆ ವಾಪಸು ತರುತ್ತಿದ್ದರು. ರಾತ್ರಿ ದುಡಿಯುವವರಿಗಂತೂ ಗುಡ್ಡವೆಂದರೆ ತವರುಮನೆ. ಬ್ರೆಡ್ಡಿನ ಭಟ್ಟಿಯವರು, ದವಾಖಾನೆಯ ನರ್ಸುಗಳು, ಗಸ್ತಿನವರು, ನಾಟಕ ಕಂಪನಿಯವರು ಬೆಳಿಗ್ಗೆ ಚಾಪೆ ಕಂಬಳಿ ಸುತ್ತಿಕೊಂಡು ಸೇತುವೆ ದಾಟಿ, ಬಂಡೆಗಳ ನಡುವೆ ತಮ್ಮ ತಮ್ಮ ಜಾಗದಲ್ಲಿ ಬಯಲಿಗೇ ಮಲಗಿ, ಸಂಜೆಗೆ ಎದ್ದು ಬರುತ್ತಿದ್ದರು. ಆ ಗುಡ್ಡದ ನಿದ್ದೆಯ ರುಚಿ ಅರಮನೆಯ ಸುಪ್ಪತ್ತಿಗೆಗೂ ಇರಲಿಲ್ಲ ಅಂತ ನಾನು ಆಣೆ ಮಾಡಿ ಹೇಳಬಲ್ಲೆ. ಅರಮನೆಯಲ್ಲಿ ನಾನು ಮಲಗಿಲ್ಲ, ಆ ಮಾತು ಬೇರೆ.

ಅಷ್ಟು ಜನ ಮಲಗಿದ ಜಾಗದಲ್ಲಿ ಅಡ್ಡಾಡುವುದಕ್ಕೆ ಒಂದು ಶಿಸ್ತಿತ್ತು. ಇಬ್ಬರಿಗೆ ಒಂದೇ ಬ್ಯಾಟರಿ. ನಡೆಯುವವರು ಮುಂದೆ, ಹಿಡಿಯುವವರು ಹಿಂದೆ. ಬೆಳಕು ಮುಂದಿನವರ ಹೆಜ್ಜೆಗಿಂತ ಒಂದು ಮಾರು ಮುಂದೆ ಬೀಳಬೇಕು, ಅದೂ ಸ್ವಲ್ಪ ಪಕ್ಕದಿಂದ. ನೇರ ಹಿಂದಿನಿಂದ ಹಿಡಿದರೆ ಮುಂದಿನವರ ನೆರಳೇ ಅವರ ಕಾಲಿಗೆ ಹೊಂಡವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಬ್ಯಾಟರಿ ಮೊಣಕಾಲಿಗಿಂತ ಮೇಲೇಳಕೂಡದು. ಮಲಗಿದವರ ಮುಖಕ್ಕೆ ಬೆಳಕು ಬಿಡುವುದು ನಮ್ಮಲ್ಲಿ ಉಣ್ಣುವವರ ತಾಟು ತುಳಿದಷ್ಟೇ ಕೆಟ್ಟದ್ದು.

ನಮ್ಮೂರಿನ ಮದುವೆಗಳೂ ಈ ಶಿಸ್ತಿನ ಮೇಲೆಯೇ ನಿಂತಿದ್ದವು. ಅವಲಕ್ಕಿ ತಿಂದು, ಚಹಾ ಕುಡಿದು, ಹೆಣ್ಣಿನ ಕೈಲಿ ಹಾಡಿಸಿ ಹೋಗುವುದೆಲ್ಲ ಬೇರೆ ಊರವರ ಪದ್ಧತಿ. ನಮ್ಮಲ್ಲಿ ಗಂಡಾದವನು ಸೇತುವೆಯಿಂದ ಗುಡ್ಡದ ನೆತ್ತಿಯ ಚಪ್ಪಟೆ ಬಂಡೆಯ ತನಕ ಹೆಣ್ಣಿಗೆ ಬೆಳಕು ಹಿಡಿಯಬೇಕು. ದಾರಿಯಲ್ಲಿ ಅವಳು ಎಡವಿದರೆ, ಇಲ್ಲವೇ ಮಲಗಿದವರಲ್ಲಿ ಒಬ್ಬರಿಗಾದರೂ ಎಚ್ಚರವಾದರೆ ಸಂಬಂಧ ಅಲ್ಲಿಗೇ ಮುರಿಯಿತು. ಆ ಗಂಡು ಮತ್ತೆ ಆ ಹೆಣ್ಣನ್ನು ಕೇಳುವಂತಿಲ್ಲ. ಸುಸೂತ್ರವಾಗಿ ಮೇಲೆ ಮುಟ್ಟಿದರೆ ಮುಂದಿನ ತೀರ್ಮಾನ ಅವಳದು. ಇಳಿಯುವಾಗ ಅವನ ಬ್ಯಾಟರಿ ಇಸಿದುಕೊಂಡು, ಹಿಂದೆ ನಿಂತು ಅವನಿಗೆ ಬೆಳಕು ಹಿಡಿದರೆ ಒಪ್ಪಿದಳು ಅಂತ. ತನ್ನದನ್ನು ಹಚ್ಚಿಕೊಂಡು ಒಬ್ಬಳೇ ಇಳಿದು ಬಂದರೆ ಇಲ್ಲ ಅಂತ. ಬಾಯಿ ಬಿಟ್ಟು ಹೇಳುವ ಸಂಕಟವೇ ಇಲ್ಲ. ನನ್ನ ಬ್ಯಾಟರಿ ಹಿಡಿದು ಹೋದ ಗಂಡುಗಳಲ್ಲಿ ಒಬ್ಬನೂ ಸೋತು ಬಂದಿಲ್ಲ. ಮೂರ್ನಾಲ್ಕು ಜನ ಬಂದಿದ್ದಾರೆ, ಆದರೆ ಅವರು ಸೆಲ್ಲು ಬೇರೆ ಕಡೆ ಕೊಂಡಿದ್ದರು.

ಕಸ್ತೂರಿ ಬ್ರೆಡ್ಡಿನ ಭಟ್ಟಿಯ ದ್ಯಾಮಣ್ಣನ ಮಗಳು. ರಾತ್ರಿಯಿಡೀ ಅಪ್ಪನ ಜೊತೆ ಹಿಟ್ಟು ನಾದಿ, ಭಟ್ಟಿಗೆ ತಟ್ಟೆ ದಬ್ಬಿ, ಬೆಳಗಿನ ಬ್ರೆಡ್ಡು ಊರಿಗೆ ಹಂಚಿಕೆಯಾದ ಮೇಲೆ ಚಾಪೆ ಬಗಲಲ್ಲಿಟ್ಟುಕೊಂಡು ನನ್ನ ಅಂಗಡಿಯ ಮುಂದೆಯೇ ಹಾದು ಗುಡ್ಡಕ್ಕೆ ಹೋಗುತ್ತಿದ್ದಳು. ಹುಬ್ಬಿಗೆ ಹಿಟ್ಟು ಮೆತ್ತಿರುತ್ತಿತ್ತು. ಅವಳು ಹಾಯುವಾಗ ಕಪಾಟಿನಲ್ಲಿದ್ದ ಹಿತ್ತಾಳೆ ಬ್ಯಾಟರಿಗಳು ಸೆಲ್ಲಿಲ್ಲದೆ ತಾವೇ ಹೊತ್ತಿಕೊಳ್ಳುತ್ತಿದ್ದವು, ನಂಬದವರು ಬಿಡಿ. ಒಂದು ಬೆಳಿಗ್ಗೆ ಸೆಲ್ಲು ಕೇಳಿಕೊಂಡು ಅವಳೇ ಮೆಟ್ಟಿಲು ಹತ್ತಿದಳು. ನಾನು ಎದ್ದು, ಅಂಗಡಿಯಲ್ಲಿದ್ದ ಅತಿ ಉದ್ದದ ಬ್ಯಾಟರಿಯನ್ನು ಎರಡೂ ಕೈಯಲ್ಲಿ ತೆಗೆದು ಅವಳ ಮುಂದಿಟ್ಟೆ.

"ಇದನ್ನ ನೋಡ್ರಿ ಕಸ್ತೂರಿಯವರ. ಐದು ಸೆಲ್ಲಿಂದು. ಇಲ್ಲಿ ಗುಂಡಿ ಒತ್ತಿದ್ರ ಮೂರನೇ ಊರಿನ ಬೆಕ್ಕು ಕಣ್ಣು ಮುಚ್ಚತೈತಿ."

"ಮೂರನೇ ಊರಿನ ಬೆಕ್ಕಿನ ಜೋಡಿ ನನಗೇನು ಕೆಲಸರಿ? ಮುಂದಿನ ಕಲ್ಲು ಕಂಡ್ರ ಸಾಕು."

"ಗುಡ್ಡದಾಗ ಹಾವು ಗೀವು ಇರತಾವರಿ."

"ಇರತಾವು. ನಿಮ್ಮ ಈ ಒನಕಿ ನೋಡಿದ್ರ ಅವೂ ಊರು ಬಿಡತಾವು, ನಾನೂ ಬಿಡತೀನಿ. ಸುಮ್ಮನ ಎರಡು ಸೆಲ್ಲು ಕೊಡ್ರಿ."

ಅವಳ ಬ್ಯಾಟರಿ ಸಣ್ಣ ತಗಡಿನದು. ಗಾಜಿನ ಮೇಲೆ ಗಾಳಿಪಟದ ಕೆಂಪು ಹಾಳೆ ಬಿಗಿದು ದಾರ ಸುತ್ತಿದ್ದಳು. ಇದು ಯಾಕೆ ಅಂತ ಕೇಳಿದೆ. "ಭಟ್ಟಿ ಬಾಯಿ ನೋಡಿ ನೋಡಿ ಗೊತ್ತಾಗೇತಿ. ಒಮ್ಮಿ ಬಿಳಿ ಬೆಳಕು ಕಣ್ಣಿಗೆ ಹೊಡೀತಂದ್ರ ಆಮ್ಯಾಲ ಕತ್ತಲಿ ಕತ್ತಲಿಯಾಗಿ ಕಾಣಾಕ ಬಾಳ ಹೊತ್ತು ಬೇಕ್ರಿ. ಕೆಂಪಿಗೆ ಆ ತ್ರಾಸಿಲ್ಲ, ಮಲಗಿದಾವ್ರೂ ಬೈಯಂಗಿಲ್ಲ," ಅಂದಳು. ನನಗೆ ಆ ವಿಷಯ ಮೊದಲೇ ಗೊತ್ತಿತ್ತು ಅಂತ ಅವಳಿಗೆ ಹೇಳಿದೆ. ಅವಳು ಹೋದ ಕೂಡಲೇ ಓಡಿಹೋಗಿ ಒಂದು ಕೆಂಪು ಗಾಳಿಪಟ ಕೊಂಡುತಂದೆ.

ಮರುವಾರ ದ್ಯಾಮಣ್ಣನ ಹತ್ತಿರ ಹೋಗಿ ಬೆಳಕು ಹಿಡಿಯಲು ಅಪ್ಪಣೆ ಕೇಳಿದೆ. ಅವನು ಭಟ್ಟಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾಟರಿಗೇನು ಕಡಿಮಿಲ್ಲ ನಿನಗ. ಹಿಡಿಯೋದು ಬರತೈತೇನು?" ಅಂದ. "ಕಾಕಾ, ಈ ಊರಿಗೆ ಹಿಡಿಯಾಕ ಕಲಿಸಿದವನ ನಾನು," ಅಂದೆ. "ಅದ ನನಗ ಅಂಜಿಕಿ ನೋಡು," ಅಂದ ದ್ಯಾಮಣ್ಣ. "ಬರೋ ಸೋಮವಾರ ಹಿಡಿ. ನನ್ನ ಮಗಳು ನಿದ್ದಿಗೆಟ್ಟಾಕಿ. ದಾರ್ಯಾಗ ಅಕಿನ್ನ ಕೆಡವಿದಿ ಅಂದ್ರ ನನ್ನ ಕೈಯಾಗಿನ ಬ್ರೆಡ್ಡೂ ನಿನಗ ಸಿಗಂಗಿಲ್ಲ."

ಆಗ ಶುರುವಾಯಿತು ನನ್ನ ಫಜೀತಿ. ಇಡೀ ಊರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಬ್ಯಾಟರಿ ಆರಿಸಿಕೊಟ್ಟ ನನಗೆ ನನ್ನ ಬ್ಯಾಟರಿ ಆರಿಸಲು ಆಗಲಿಲ್ಲ. ಬಾಗಿಲು ಹಾಕಿಕೊಂಡು ಇದ್ದಬದ್ದ ಎಲ್ಲವನ್ನೂ ನೆಲಕ್ಕೆ ಹರವಿ ಕೂತೆ. ಆಗಿನ ಬ್ಯಾಟರಿಗಳ ಚೆಂದ ಈಗಿನವರಿಗೆ ಹೇಗೆ ಹೇಳಲಿ? ಹಿತ್ತಾಳೆಯ ಮೈಯಲ್ಲಿ ಉದ್ದುದ್ದ ಗೀರು, ಹಿಡಿದರೆ ಜಾರುತ್ತಿರಲಿಲ್ಲ. ಹೆಬ್ಬೆರಳಿಂದ ಜಾರಿಸುವ ಗುಂಡಿ, ಅದು 'ಟಕ್' ಅಂದರೆ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ಹಿಂದಿನ ಮುಚ್ಚಳ ತಿರುಗಿಸಿದರೆ ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಒಂದು ಹೆಚ್ಚಿನ ಬಲ್ಬು, ಕೂಸು ಮಲಗಿದ ಹಾಗೆ. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ಬದುಕಿಸಿಕೊಳ್ಳುತ್ತಿದ್ದೆವು. ಒಂದೊಂದನ್ನೇ ಕೈಗೆತ್ತಿಕೊಂಡೆ. ಮೂರು ಸೆಲ್ಲಿನದು ದೂರ ಹೊಡೆಯುತ್ತದೆ, ಆದರೆ ಕಾಲಡಿಯ ಕಲ್ಲು ಬಿಟ್ಟು ಆಕಾಶದ ಗೂಬೆ ತೋರಿಸುತ್ತದೆ. ಪೆನ್ನಿನಂಥದ್ದು ಹಗುರ, ಆದರೆ ಅದನ್ನು ಹಿಡಿದು ಹೋದರೆ ದ್ಯಾಮಣ್ಣ ನನ್ನನ್ನು ಜಿಪುಣ ಅಂದುಕೊಳ್ಳುತ್ತಾನೆ. ರಬ್ಬರಿನದು ನೀರಿಗೆ ಜಗ್ಗುವುದಿಲ್ಲ, ಆದರೆ ಒಂಟೆಯ ಕಾಲಿನಂತೆ ಕಾಣುತ್ತದೆ. ಎರಡು ಸೆಲ್ಲಿನ ಸಾದಾ ಬ್ಯಾಟರಿಗೆ ಕೆಂಪು ಹಾಳೆ ಬಿಗಿದು ಒಯ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ನಾನು ಗುರುಶಾಂತ. ಸಾದಾ ಬ್ಯಾಟರಿಯನ್ನು ಯಾರು ಬೇಕಾದರೂ ಹಿಡಿಯುತ್ತಾರೆ.

ಕಡೆಗೆ ನನ್ನ ಕೈ ಹೋದದ್ದು ಹಣೆಗೆ ಕಟ್ಟುವ ತಲೆಬ್ಯಾಟರಿಯ ಮೇಲೆ. ಅದು ನನಗೆ ಸಿಕ್ಕಿದ್ದೂ ಒಂದು ಕಥೆ. ಹಿಂದಿನ ವರ್ಷ ಹೊರಗಿನವನೊಬ್ಬ ಬೆನ್ನ ಮೇಲೆ ಮನೆ ಕಟ್ಟಿಕೊಂಡು ಬಂದಿದ್ದ. ಗುಡ್ಡದಲ್ಲಿ ಡೇರೆ ಹಾಕಿ ರಾತ್ರಿ ಕಳೆಯುತ್ತೇನೆ ಅಂತ ಸಂಜೆ ಸೇತುವೆ ದಾಟಿದ. ಅಲ್ಲಿ ಆಗಷ್ಟೇ ಹೊತ್ತು ಹುಟ್ಟಿತ್ತು. ಪಾಪ, ಇರುಳಾಗುತ್ತದೆ ಅಂತ ಕಾದೂ ಕಾದೂ ಬಿಸಿಲಿಗೆ ಮೂಗು ಸುಲಿಸಿಕೊಂಡು ಬೆಳಿಗ್ಗೆ ವಾಪಸಾದ. ಇಲ್ಲಿ ಮತ್ತೆ ಬೆಳಗು. ಅವನು ಹಣೆಯಿಂದ ಆ ಪಟ್ಟಿಯನ್ನು ಬಿಚ್ಚಿ ನನ್ನ ಮುಂದೆ ಎಸೆದು, ಒಂದು ಚಹಾ ಕುಡಿದು, ನಮ್ಮೂರಿಗೆ ಬೆನ್ನು ತಿರುಗಿಸಿ ಹೋದವನು ಇವತ್ತಿಗೂ ತಿರುಗಿ ನೋಡಿಲ್ಲ. ರಬ್ಬರಿನ ಪಟ್ಟಿ, ಮುಂದೆ ಒಂದು ಗಾಜಿನ ಕಣ್ಣು, ಮೇಲೆ ಕೆಳಗೆ ಬಾಗಿಸಲು ಒಂದು ಕೀಲು. ನಮ್ಮೂರಿನ ಯಾರ ಹತ್ತಿರವೂ ಅಂಥದ್ದು ಇರಲಿಲ್ಲ. ಅದನ್ನು ಹಾಕಿಕೊಂಡರೆ ಎರಡೂ ಕೈ ಖಾಲಿ. ಕಸ್ತೂರಿಯ ಚಾಪೆ, ಕಂಬಳಿ, ನೀರಿನ ಕ್ಯಾನು ಎಲ್ಲ ನಾನೇ ಹೊರಬಹುದು, ಜಗತ್ತಿನಲ್ಲಿ ಯಾವ ಗಂಡೂ ಹೊರದ ಹಾಗೆ. ತೊಡಕೊಂದೇ. ಬ್ಯಾಟರಿ ಮೊಣಕಾಲಿಗಿಂತ ಮೇಲೆ ಇರಕೂಡದು, ಹಣೆಯೋ ಮೊಣಕಾಲಿಗಿಂತ ಬಹಳ ಮೇಲಿದೆ. ಒಂದು ಇಡೀ ಮಧ್ಯಾಹ್ನ ಯೋಚಿಸಿದೆ. ಹೊಳೆದಾಗ ನನ್ನ ಬುದ್ಧಿಗೆ ನಾನೇ ಕೈ ಮುಗಿದೆ. ತಲೆಬ್ಯಾಟರಿಯನ್ನು ತಲೆಗೇ ಕಟ್ಟಬೇಕು ಅಂತ ಯಾರು ಹೇಳಿದ್ದು?

ಸೋಮವಾರ ಬೆಳಿಗ್ಗೆ ಸೇತುವೆಗೆ ಬಂದೆ. ತಲೆಯ ಮೇಲೆ ಕಂಬಳಿ, ಬಗಲಲ್ಲಿ ಚಾಪೆ, ಕೈಯಲ್ಲಿ ನೀರು ತುಂಬಿದ ಬಿಳಿ ಪ್ಲಾಸ್ಟಿಕ್ ಕ್ಯಾನು, ಬಲ ಮೊಣಕಾಲಿಗೆ ಪಂಚೆಯ ಮೇಲೆ ಬಿಗಿದ ತಲೆಬ್ಯಾಟರಿ. ದ್ಯಾಮಣ್ಣ ಕಣ್ಣು ಕಿರಿದು ಮಾಡಿ ನೋಡಿದ.

"ಏನಲೇ ಅದು, ಮೊಣಕಾಲಿಗೆ ಗಾಯಾತೇನು?"

"ಕಾಕಾ, ಇದು ಹೊಸಾ ನಮೂನಿ."

"ಔಷಧದ್ದೇನು?"

"ಬೆಳಕಿಂದು."

ದ್ಯಾಮಣ್ಣ ಮಗಳ ಮುಖ ನೋಡಿದ. ಅವಳು ಹಳ್ಳದ ನೀರು ನೋಡುತ್ತಿದ್ದಳು. ತನ್ನ ತಗಡಿನ ಬ್ಯಾಟರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರುಕಿನ ಕಲ್ಲು ದಾಟಿದಳು. ಹಿಂದೆ ನಾನೂ ದಾಟಿದೆ. ತಲೆಯ ಮೇಲೆ ನಕ್ಷತ್ರ ಸುರಿದವು, ಗಾಳಿ ತಂಪಾಯಿತು. ಗುಂಡಿ ಒತ್ತಿದೆ. ನಿಂತಿದ್ದಾಗ ಎಲ್ಲ ಸರಿಯಾಗಿಯೇ ಇತ್ತು. ಕೀಲು ಬಾಗಿಸಿದ್ದರಿಂದ ಬೆಳಕು ಅವಳ ಹೆಜ್ಜೆಯ ಮುಂದೆ ಚೊಕ್ಕವಾಗಿ ಬಿದ್ದಿತ್ತು. ನಡೆಯತೊಡಗಿದ ಮೇಲೆ ತಿಳಿಯಿತು, ಮೊಣಕಾಲು ಅನ್ನುವುದು ಮಡಚುವ ವಸ್ತು. ಕಾಲು ನೆಟ್ಟಗಿದ್ದರೆ ಬೆಳಕು ನೆಲಕ್ಕೆ, ಎತ್ತಿದರೆ ಮರದ ಕೊನೆಗೆ. ಕಸ್ತೂರಿಯ ಮುಂದೆ ದಾರಿ ಒಂದು ಹೆಜ್ಜೆಗೆ ಹುಟ್ಟಿ, ಮುಂದಿನ ಹೆಜ್ಜೆಗೆ ಸಾಯತೊಡಗಿತು.

"ಮಳಿ ಬರೂವಂಗ ಐತೇನ್ರಿ?" ಅಂತ ಅವಳು ಹಿಂದೆ ತಿರುಗದೆ ಮೆಲ್ಲಗೆ ಕೇಳಿದಳು. "ಮಿಂಚು ಹೊಡ್ಯಾಕತ್ತೈತಿ."

"ಮಿಂಚಲ್ರಿ, ನಮ್ಮ ಬೆಳಕು."

"ಒಂದ ಕಡೆ ನಿಂದ್ರಂಗಿಲ್ಲೇನು ಅದು?"

"ನಿಂದರಸ್ತೀನಿ, ತಡೀರಿ."

ನಿಲ್ಲಿಸುವುದಕ್ಕೆ ಒಂದೇ ದಾರಿ ಇತ್ತು: ಬಲಗಾಲು ಮಡಚಬಾರದು. ಅಲ್ಲಿಂದ ಮುಂದೆ ನಾನು ಆ ಗುಡ್ಡವನ್ನು ಒಂದೇ ಕಾಲಿನಲ್ಲಿ ಹತ್ತಿದೆ ಅಂದರೂ ಸುಳ್ಳಲ್ಲ. ಎಡಗಾಲು ಊರುವುದು, ಬಲಗಾಲನ್ನು ಕೋಲಿನಂತೆ ನೆಟ್ಟಗಿಟ್ಟು ಹೊರಗಿನಿಂದ ಸುತ್ತಿಸಿ ಎಳೆದು ತರುವುದು. ಒಂದು ಸೊರ್ರ್, ಒಂದು ಠಕ್. ತಲೆಯ ಮೇಲಿನ ಕಂಬಳಿ ಕಣ್ಣಿಗಿಳಿಯಿತು, ಕ್ಯಾನಿನಲ್ಲಿ ನೀರು ಗುಳುಗುಳು ಅಂದಿತು, ಚಾಪೆ ಬಿಚ್ಚಿಕೊಂಡು ಬಾಲದಂತೆ ಹಿಂದೆ ಬಂತು. ಆದರೆ ಬೆಳಕು ಮಾತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಕಸ್ತೂರಿ ಎಡವಲಿಲ್ಲ. ಬಂಡೆಗಳ ಮರೆಯಲ್ಲಿ ಮಲಗಿದ ನರ್ಸುಗಳು ಮಗ್ಗುಲು ಬದಲಿಸಲಿಲ್ಲ. ಗೆದ್ದೆ ಅಂದುಕೊಂಡೆ.

ಉಳಿದದ್ದು ಹುಸೇನಪ್ಪ ಕಾಕಾನ ತಿರುವು ಒಂದೇ. ಹುಸೇನಪ್ಪ ಕಾಕಾ ಊರಿನ ಗಸ್ತಿನವನು. ರಾತ್ರಿಯೆಲ್ಲ ಕೋಲು ಬಡಿಯುತ್ತ ಬೀದಿ ಸುತ್ತಿ, ಬೆಳಿಗ್ಗೆ ಬಂದು ಗುಡ್ಡದ ದಾರಿ ತಿರುಗುವ ಕಡೆಯೇ, ದಾರಿಗೆ ಅಡ್ಡಲಾಗಿ ಮಲಗುತ್ತಿದ್ದ. ಎಷ್ಟೋ ಸಂಬಂಧಗಳು ಅವನ ಕಣ್ಣುರೆಪ್ಪೆಯ ಮೇಲೆ ಮುರಿದುಬಿದ್ದಿದ್ದವು. ಆ ದಿನ ಅವನು ಗೊರಕೆ ಹೊಡೆಯುತ್ತಿದ್ದ ರೀತಿಗೆ ಬಂಡೆಯ ಮೇಲಿನ ಹರಳು ಉದುರುತ್ತಿದ್ದವು. ಕಸ್ತೂರಿ ಸೀರೆಯ ನಿರಿಗೆ ಎತ್ತಿ ಹಿಡಿದು ಅವನನ್ನು ಮೆಲ್ಲಗೆ ಬಳಸಿ ಹೋದಳು. ಆಮೇಲೆ, ನಾನು ಹೇಗೆ ದಾಟುತ್ತೇನೋ ಅಂತ ಮೊದಲ ಸಲ ಹಿಂತಿರುಗಿ ನೋಡಿದಳು.

ಅವಳು ಕಂಡದ್ದು ಏನೆಂದು ನನಗೆ ಆಮೇಲೆ ಎಷ್ಟೋ ವರ್ಷ ವರ್ಣಿಸಿದ್ದಾಳೆ. ಕಂಬಳಿಗೆ ಕಾಲು ಬಂದು, ಅದರಲ್ಲೊಂದು ಮರಗಟ್ಟಿ, ಆ ಕಾಲಿಗೊಂದು ಕಣ್ಣು ಮೂಡಿ, ಹಿಂದೆ ಬಾಲ ಎಳೆದುಕೊಂಡು ಏನೋ ಒಂದು ತನ್ನ ಕಡೆ ಬರುತ್ತಿತ್ತಂತೆ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಡೆಯಲಾಗಲಿಲ್ಲ. ನಕ್ಕುಬಿಟ್ಟಳು. ಆ ನಗುವಿಗೆ ನಾನು ಬೆಚ್ಚಿದೆ, ಬೆಚ್ಚಿದ್ದಕ್ಕೆ ಮೊಣಕಾಲು ಮಡಚಿತು, ಬೆಳಕು ಹೋಗಿ ಹುಸೇನಪ್ಪ ಕಾಕಾನ ಮುಖದ ನಟ್ಟನಡುವೆ ಕೂತಿತು. ಗೊರಕೆ ನಿಂತಿತು. ಕಾಕಾ ಎದ್ದು ಕೂತ.

ನನ್ನ ಎದೆ ಅಲ್ಲಿಗೇ ಒಡೆಯಿತು. ಕಸ್ತೂರಿಯ ನಗುವೂ ಆರಿಹೋಗಿತ್ತು. ಅದು ಆರಿದ್ದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. ಆ ಕತ್ತಲಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ ಅದೇ. ಪಕ್ಕದ ಬಂಡೆಯ ಮೇಲೆ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ ನಿದ್ದೆ ಬಾರದೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಅವನು ಪಿಚಕ್ಕನೆ ಉಗುಳಿ, "ಆತು, ಕಾಕಾ ಎದ್ದ. ಮುರೀತು ನೋಡು ಸಂಬಂಧ," ಅಂದ.

"ಎದ್ದೆ ಅಂದ್ರೇನು?" ಅಂದ ಹುಸೇನಪ್ಪ ಕಾಕಾ, ದನಿ ತಗ್ಗಿಸಿ.

"ಎದ್ದಿಯಲ್ಲೋ ಈಗ."

"ಏಳಾಕ ನಾ ಮಲಗಿದ್ದೆ ಯಾವಾಗ?"

"ಗೊರಕಿ ಹೊಡ್ಯಾಕತ್ತಿದ್ದಿ, ನನ್ನ ಚಾಪಿ ನಡಗಾಕತ್ತಿತ್ತು!"

"ಕಳ್ಳರು ಮೋಸ ಹೋಗ್ಲಿ ಅಂತ ಹೊಡೀತೀನಿ. ಲೇ ಮಾಸ್ತರ, ನಾ ಈ ಊರಿನ ಗಸ್ತಿಯಾಂವ. ಈ ಕಣ್ಣು ಒಮ್ಮಿ ಮುಚ್ಚಿದ್ದು ಯಾರರ ನೋಡ್ಯಾರೇನು? ನಾಳಿ ಊರಾಗ ಹುಸೇನಪ್ಪ ಮಲಗಿದ್ದ ಅಂತ ಸುದ್ದಿ ಹಬ್ಬಿಸಬೇಕಂತೀ?"

"ಮತ್ತ ಇಷ್ಟು ವರ್ಷ ಕಂಬಳಿ ಹೊಚ್ಚಿಕೊಂಡು ಇಲ್ಲಿ ಏನು ಮಾಡತಿದ್ದಿ?"

"ಗುಡ್ಡಾ ಕಾಯತಿದ್ದೆ." ಕಾಕಾ ನನ್ನ ಕಡೆ ತಿರುಗಿದ. ನನ್ನ ಮೊಣಕಾಲನ್ನು ಬಹಳ ಹೊತ್ತು ನೋಡಿದ. "ಹೋಗೋ ತಮ್ಮಾ. ಇಲ್ಲಿ ಯಾರಿಗೂ ಎಚ್ಚರಾಗಿಲ್ಲ," ಅಂದವನೇ ಕಂಬಳಿ ಎಳೆದುಕೊಂಡ. ನಾವು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಳ್ಳರಿಗೆ ಮೋಸ ಮಾಡುವ ಸದ್ದು ಮತ್ತೆ ಶುರುವಾಯಿತು.

ಚಪ್ಪಟೆ ಬಂಡೆ ಮುಟ್ಟಿದಾಗ ನನ್ನ ಮೈಯಲ್ಲಿ ಬೆವರು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಚಾಪೆ ಹಾಸಿದೆ. ಕಸ್ತೂರಿ ಕೂತು, "ಅದನ್ನ ಆರಿಸ್ರಿ," ಅಂದಳು. ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಬಂಡೆಯ ಅಂಚು ಕಂಡಿತು, ಅವಳ ಹುಬ್ಬಿನ ಹಿಟ್ಟು ಕಂಡಿತು, ನಕ್ಷತ್ರಗಳು ಒಂದೊಂದಾಗಿ ದೊಡ್ಡವಾದವು. ಕೆಳಗೆ, ಹಳ್ಳದ ಈಚೆ, ನಮ್ಮೂರು ಹಗಲಿನಲ್ಲಿತ್ತು. ಕತ್ತಲೆಯ ಚಿತ್ರಮಂದಿರದಲ್ಲಿ ಕೂತು ನೋಡುವ ಪರದೆಯ ಹಾಗೆ ಅಷ್ಟೇ ಜಾಗದಲ್ಲಿ ಬಿಸಿಲು. ಸಣ್ಣ ಸಣ್ಣ ಜನ ಸಂತೆಗೆ ಹೋಗುತ್ತಿದ್ದರು. ನನ್ನ ಅಂಗಡಿಯ ಬೀಗ ಹೊಳೆಯುತ್ತಿತ್ತು.

"ಇಷ್ಟೆಲ್ಲ ಯಾಕ ಹೊತ್ತಿರಿ?" ಅಂತ ಕೇಳಿದಳು.

"ಇದೇನು ಮಹಾ? ನಾನು ಒಮ್ಮಿ ಎರಡು ಚೀಲ ಸಿಮೆಂಟು, ಮ್ಯಾಲೊಂದು ಕರು..."

"ಒಂದೀಟು ಸುಮ್ಮನ ಕೂಡ್ರತೀರೇನು?"

ಸುಮ್ಮನೆ ಕೂತೆ. ಹುಟ್ಟಿದ ಮೇಲೆ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಅವಳು ಏನೋ ಹೇಳುತ್ತಾಳೆ ಅಂತ ಕಾದೆ. ಕಾದು ಕಾದು ತಿರುಗಿ ನೋಡಿದರೆ ಕೂತಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತವಳು. ಕಂಬಳಿ ಹೊದಿಸಿದೆ. ಅವಳ ಮೈಯಿಂದ ಸುಟ್ಟ ಹಿಟ್ಟಿನ ಬಿಸಿ ವಾಸನೆ ಬರುತ್ತಿತ್ತು. ಬ್ಯಾಟರಿ ಹಚ್ಚಿ ಒಮ್ಮೆ ಮುಖ ನೋಡಬೇಕೆನ್ನಿಸಿತು. ಹಚ್ಚಲಿಲ್ಲ. ಅಂಗಡಿಯಲ್ಲಿ ಲೆಕ್ಕವಿಲ್ಲದಷ್ಟು ಬೆಳಕು ಮಾರಿದವನು, ಆ ಬಂಡೆಯ ಮೇಲೆ ಕತ್ತಲೆಯನ್ನು ಕಾಯುತ್ತ ಅವಳು ಏಳುವ ತನಕ ಕೂತೆ.

ಅವಳು ಎದ್ದಾಗ ಪೂರ್ವದ ಅಂಚು ಇನ್ನೂ ಕಪ್ಪಾಗಿಯೇ ಇತ್ತು. ನಿರಿಗೆ ಸರಿಪಡಿಸಿಕೊಂಡು ನಿಂತಳು. ಈಗ ನನ್ನ ಕಣ್ಣೆಲ್ಲ ಅವಳ ಕೈಯ ಮೇಲಿತ್ತು: ಸೊಂಟದ ತಗಡಿನ ಬ್ಯಾಟರಿಗೆ ಕೈ ಹಾಕುತ್ತಾಳೋ, ನನ್ನದನ್ನು ಕೇಳುತ್ತಾಳೋ. ನಾನೂ ಏಳಲು ಹೋದೆ. ಬಲಗಾಲು ಬರಲಿಲ್ಲ. ಗುಡ್ಡ ಹತ್ತುವ ತನಕ ನೆಟ್ಟಗಿದ್ದು, ಆಮೇಲೆ ತಂಪಿನಲ್ಲಿ ಅಲುಗದೆ ಕೂತು, ಅದು ಮರದ ತುಂಡಾಗಿಬಿಟ್ಟಿತ್ತು. ಎರಡು ಸಲ ಎದ್ದು ಮೂರು ಸಲ ಬಿದ್ದೆ. ಕಸ್ತೂರಿ ನೋಡಿದಳು. ಬಗ್ಗಿ ನನ್ನ ಮೊಣಕಾಲಿನ ಪಟ್ಟಿ ಬಿಚ್ಚಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಆಮೇಲೆ ಅದನ್ನು ಆ ಬಿಳಿ ಕ್ಯಾನಿಗೆ ಸುತ್ತಿ, ಗಾಜಿನ ಕಣ್ಣು ಒಳಮುಖವಾಗಿ ನೀರಿನ ಕಡೆ ಬರುವಂತೆ ಬಿಗಿದು ಗುಂಡಿ ಒತ್ತಿದಳು.

ನಾನು ಎಷ್ಟೋ ಬೆಳಕು ಕಂಡಿದ್ದೇನೆ, ಅಂಥದ್ದು ಕಂಡಿರಲಿಲ್ಲ. ಕ್ಯಾನು ತುಂಬ ಬೆಳದಿಂಗಳು. ಯಾರ ಕಣ್ಣಿಗೂ ಹೊಡೆಯದ, ಎಲ್ಲ ಕಡೆಗೂ ಒಂದೇ ಸಮ ಹರಡಿದ, ತೊಟ್ಟಿಲಿನ ಬಟ್ಟೆಯಷ್ಟು ಮೆತ್ತನೆಯ ಬೆಳಕು. ನನ್ನ ಬಲಗೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕ್ಯಾನಿನ ಹಿಡಿಯ ಒಂದು ಬದಿಯನ್ನು ತಾನು ಹಿಡಿದು, ಇನ್ನೊಂದು ಬದಿಯನ್ನು ನನ್ನ ಎಡಗೈಗೆ ಕೊಟ್ಟಳು. ಅವಳು ಹಿಂದೆ ಇರಲಿಲ್ಲ, ನಾನು ಮುಂದೆ ಇರಲಿಲ್ಲ. ಕುಂಟುತ್ತ, ಜೋಡಿಯಾಗಿ, ಮೊಣಕಾಲಿನ ಎತ್ತರದಲ್ಲಿ ಬೆಳಕು ತೂಗಾಡಿಸುತ್ತ ಗುಡ್ಡ ಇಳಿದೆವು.

ಸೇತುವೆಯಲ್ಲಿ ದ್ಯಾಮಣ್ಣನ ಜೊತೆ ನಾಲ್ಕು ಜನ ಹಿರಿಯರು ನಿಂತಿದ್ದರು. ನಮ್ಮನ್ನು ನೋಡಿ ಎಲ್ಲರಿಗೂ ಗೊಂದಲವಾಯಿತು.

"ಯಾರು ಯಾರಿಗೆ ಬೆಳಕು ಹಿಡಿದ್ರಿ?" ಅಂತ ಕೇಳಿದರು ಒಬ್ಬರು.

"ಇಬ್ಬರಿಗೂ ಕ್ಯಾನು ಹಿಡೀತ್ರಿ," ಅಂದೆ.

"ಕ್ಯಾನು ಯಾರ ಕೈಯಾಗಿತ್ತು?"

"ಇಬ್ಬರ ಕೈಯಾಗೂ."

"ಅಕಿ ಹಿಂದ ಇದ್ದಳೋ, ಒಬ್ಬಾಕಿನ ಬಂದಳೋ? ಎರಡರಾಗ ಒಂದು ಹೇಳು."

"ಎರಡೂ ಅಲ್ರಿ."

ಹಿರಿಯರು ಅಲ್ಲೇ ಕಟ್ಟೆಯ ಮೇಲೆ ಕೂತು ಚರ್ಚೆಗಿಳಿದರು. ಅವರ ಅಜ್ಜಂದಿರ ಕಾಲದಲ್ಲೂ ಹೀಗಾದ ಉದಾಹರಣೆ ಇರಲಿಲ್ಲ. ಕಡೆಗೆ ದ್ಯಾಮಣ್ಣನೇ ಬೇಸತ್ತು, "ಏನವಾ, ನೀನರ ಬಾಯಿ ಬಿಟ್ಟು ಹೇಳು. ಹೂಂ ಅಂತಿಯೋ, ಬ್ಯಾಡ ಅಂತಿಯೋ?" ಅಂದ. ಕಸ್ತೂರಿ ಆಕಳಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು. "ಹಿಟ್ಟು ಕಲಸೂ ಹೊತ್ತಾತು ಯಪ್ಪಾ. ನಾಳಿ ನೋಡೂಣು," ಅಂದು ಭಟ್ಟಿಗೆ ನಡೆದಳು.

ಮರುದಿನ ಬೆಳಿಗ್ಗೆ ಉತ್ತರ ಕೇಳಲು ಮತ್ತೆ ಅವಳ ಜೊತೆ ಗುಡ್ಡ ಹತ್ತಿದೆ. ಬಂಡೆಯ ಮೇಲೆ ಚಾಪೆ ಹಾಸಿ, "ಏನಂತೀರಿ?" ಅಂದೆ. "ನಾಳಿ ನೋಡೂಣು," ಅಂದು ಮಲಗಿದಳು. ಅದರ ಮರುದಿನವೂ ಅಷ್ಟೇ. ಹೀಗೆ ಒಂದು ಮಳೆಗಾಲ ಕಳೆಯಿತು. ದಿನಾ ಜೋಡಿಯಾಗಿ ಗುಡ್ಡಕ್ಕೆ ಹೋಗುವವರನ್ನು ಕಂಡು ಊರು ಮಾತಾಡತೊಡಗಿತು. ದ್ಯಾಮಣ್ಣ ಹಿರಿಯರನ್ನು ಕೂಡಿಸಿ, "ಬ್ಯಾಡ ಅಂದಿಲ್ಲ ಅನ್ನೋದರ ಖರೆ ಐತಲ್ಲ? ಲಗ್ನಾ ಮಾಡಿಬಿಡೂಣು. ಉತ್ತರಾ ಅಕಿಗೆ ಪುರಸೊತ್ತಾದಾಗ ಹೇಳ್ಲಿ," ಅಂದ. ಆ ಕರಾರಿನ ಮೇಲೆ ನಮ್ಮ ಲಗ್ನವಾಯಿತು. ಅಕ್ಷತೆ ಹಾಕಿದ ಮೊದಲ ಕೈ ಹುಸೇನಪ್ಪ ಕಾಕಾನದು. ಮಂಟಪದ ಕಂಬಕ್ಕೆ ಒರಗಿ ಅವನು ಊಟದ ತನಕ ಗೊರಕೆ ಹೊಡೆದ. ಚಪ್ಪಲಿ ಕಳ್ಳರನ್ನು ಕಾಯುತ್ತಿದ್ದಾನೆ ಅಂತ ಎಲ್ಲರೂ ಮೆಲ್ಲಗೆ ನಡೆದರು.

ಈಗ ಕಾಕಾ ಇಲ್ಲ. ಅವನು ಮಲಗುತ್ತಿದ್ದ ತಿರುವಿನಲ್ಲಿ ದಾರಿ ಇವತ್ತಿಗೂ ಸ್ವಲ್ಪ ಬಳಸಿಕೊಂಡು ಹೋಗುತ್ತದೆ, ಅಷ್ಟು ಕಾಲುಗಳು ಅವನನ್ನು ಸುತ್ತಿ ನಡೆದಿದ್ದವು. ಈಗ ಊರಿನಲ್ಲಿ ಎಲ್ಲರ ಹಣೆಗೂ ಒಂದೊಂದು ತಲೆಬ್ಯಾಟರಿ. ಬೆಳಿಗ್ಗೆ ಗುಡ್ಡದ ಕಡೆ ನೋಡಿದರೆ ತಲೆಗಳು ಒಂದಕ್ಕೊಂದು ಮಾತಾಡದೆ ಹತ್ತುತ್ತಿರುತ್ತವೆ. ಎದುರಾದವರು ಮಾತಾಡಿಸಲು ಮುಖವೆತ್ತಿದರೆ ಇಬ್ಬರೂ ಕಣ್ಣು ಮುಚ್ಚಿಕೊಳ್ಳಬೇಕು. ಯಾರೂ ಯಾರ ಹಿಂದೆಯೂ ನಡೆಯುವುದಿಲ್ಲ. ಗಂಡು ಹೆಣ್ಣು ಫೋನಿನಲ್ಲೇ ಹೂಂ ಅಂದುಕೊಳ್ಳುತ್ತವೆ. ತಲೆಬ್ಯಾಟರಿಯನ್ನು ಈ ಊರಿಗೆ ತಂದವನು ನಾನೇ ಆದ್ದರಿಂದ ಯಾರನ್ನೂ ಬೈಯುವ ಹಕ್ಕು ನನಗಿಲ್ಲ ಅಂತ ಕಸ್ತೂರಿ ಹೇಳುತ್ತಾಳೆ. ಆದರೂ ಬೈಯುತ್ತೇನೆ.

ಭಟ್ಟಿಯನ್ನು ಈಗ ನಮ್ಮ ಮಗಳು ನೋಡಿಕೊಳ್ಳುತ್ತಾಳೆ, ಆದರೂ ಕಸ್ತೂರಿಗೆ ಊರಿನ ರಾತ್ರಿಯಲ್ಲಿ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದು ನಾನು ದನಿ ಏರಿಸಿದರೆ, ರೊಟ್ಟಿ ತಟ್ಟುತ್ತಲೇ, "ಜ್ವಾಕಿ. ನಾ ಇನ್ನೂ ಹೂಂ ಅಂದಿಲ್ಲ," ಅನ್ನುತ್ತಾಳೆ. ಮೊಮ್ಮಕ್ಕಳು ನಗುತ್ತವೆ. ನಾನು ನಗುವುದಿಲ್ಲ, ಕಾನೂನಿನ ಪ್ರಕಾರ ಅವಳ ಮಾತು ಸರಿ.

ಇವತ್ತೂ ಬೆಳಿಗ್ಗೆ ಹೋಗಿದ್ದೆವು. ನಡುವೆ ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಚಪ್ಪಟೆ ಬಂಡೆಯ ಮೇಲೆ ಅವಳಿಗೆ ಚಾಪೆ ಹಾಸಿದೆ, ಕಾಲಿಗೆ ಕಂಬಳಿ ಹೊದಿಸಿದೆ. ಕ್ಯಾನಿನ ಬೆಳಕು ಆರಿಸುವ ಮುಂಚೆ ಎಂದಿನಂತೆ ಕೇಳಿದೆ, "ಏನಂತಿ?"

ಅವಳು ಮಗ್ಗುಲಾದಳು. ಸೆರಗು ಮುಖಕ್ಕೆಳೆದುಕೊಂಡಳು.

"ನಾಳಿ ನೋಡೂಣು," ಅಂದಳು.